ತಾಳಿಕೋಟೆಯ ಕೂಟ: ಫೆರಿಸ್ತಾನ ಕಥನದ ಪರಿಶೀಲನೆ

ವಿಜಯನಗರದ ವಿರುದ್ಧ ಸುಲ್ತಾನರು ಒಂದಾದುದಕ್ಕೆ ಧರ್ಮಾವಮಾನವೇ ಮೂಲವೆಂಬಂತೆ ಫೆರಿಸ್ತಾ ಬರೆದಿದ್ದಾನೆ. ಯುದ್ಧವಾಗಿ ದಶಕಗಳು ಕಳೆದ ಮೇಲೆ ವಿಜಾಪುರದ ಆಶ್ರಯದಲ್ಲಿ ಬರೆದವನ ಈ ತೀರ್ಮಾನವನ್ನು ಒರೆಗೆ ಹಚ್ಚಲು ಅವನು ಕೊಡುವ ವಿವರಗಳೇ ಸಾಕೆಂದು ನಾವು ಭಾವಿಸುತ್ತೇವೆ.

೧೫೫೮ರಲ್ಲಿ ಪಟ್ಟವೇರಿದ ಅಲಿ ಆದಿಲ್ ಶಾಹನು ತಾನೇ ವಿಜಯನಗರಕ್ಕೆ ಹೋಗಿ, ಅಹಮದನಗರದ ವಿರುದ್ಧ ರಾಮರಾಯನ ನೆರವನ್ನು ಪಡೆದವನು. ಅಂಥ ಹಗೆಯನ್ನು ಕೂಟಕ್ಕೆ ಸೇರಿಸಿಕೊಳ್ಳುವಾಗ ಹುಸೇನ್ ನಿಜಾಮ ಶಾಹನು ಬರಿಯ ಧರ್ಮವಚನವನ್ನು ನೆಚ್ಚಲಿಲ್ಲ. ಮಗಳು ಚಾಂದಬೀಬಿಯನ್ನು ಅವನಿಗೆ ಕೊಟ್ಟು, ಬಹುಕಾಲದ ವ್ಯಾಜ್ಯದ ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ಬಿಟ್ಟನು. ಅಲಿಯಾದರೋ ಯುದ್ಧಕ್ಕೆ ಮುನ್ನ ರಾಮರಾಯನಿಂದ ಮರಳಿ ಕೇಳಿದ್ದು ರಾಯಚೂರು, ಮುದಗಲ್ಲು ಮೊದಲಾದ ಕೋಟೆಗಳನ್ನು. ರಾಯಚೂರು ೧೫೨೦ರಲ್ಲಿ ಕೃಷ್ಣದೇವರಾಯನ ಕೈಸೇರಿತ್ತು. ೧೫೬೫ರ ಜನವರಿಯ ಯುದ್ಧದ ತರುವಾಯ ಮರಳಿ ವಿಜಾಪುರದ ಪಾಲಾಯಿತು.

ಧರ್ಮದ ನುಡಿ ದಂಡಾಳುಗಳನ್ನು ಹುರಿದುಂಬಿಸಿರಬಹುದು. ಹಳೆಯ ಹಗೆಯನ್ನು ಕೂಟಕ್ಕೆ ತಂದುದು ಕೋಟೆಗಳ ಲೆಕ್ಕ. ಗೆಲುವಿನ ಬಳಿಕ ಕೆಲವೇ ವರ್ಷಗಳಲ್ಲಿ ವಿಜಾಪುರ, ಅಹಮದನಗರಗಳು ಮತ್ತೆ ಕಾದಾಡಿದುದೂ ಇದನ್ನೇ ಸಮರ್ಥಿಸುತ್ತದೆ. ದೇವಸುಗೂರಿನಲ್ಲಿ ಕೃಷ್ಣೆಯ ದಡದಿಂದ ತೆಂಕಣಕ್ಕೆ ನೋಡಿದರೆ ಕಾಣುವ ಎಡೆದೊರೆ ನಾಡೇ ಈ ಕಲಹದ ಪಣ. ತರಗತಿಗಳಲ್ಲಿ ಈ ಯುದ್ಧವನ್ನು ಎರಡು ಮತಗಳ ಹೋರಾಟವೆಂದಷ್ಟೇ ಬೋಧಿಸುವುದು ಈ ನಾಡನ್ನೇ ಮರೆತಂತೆ.