ಹಾಡನ್ನು ಕಾಯ್ದುಕೊಂಡವರು

ಕನ್ನಡದ ‘ಅಭಿಮಾನ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಇನ್ನೊಬ್ಬರ ಮೇಲಿನ ಪ್ರೀತಿ ಒಂದು, ತನ್ನ ಬಗೆಗಿನ ಮರ್ಯಾದೆ ಇನ್ನೊಂದು. ಮೊದಲನೆಯದು ಹೆಚ್ಚಾದಂತೆ ಎರಡನೆಯದು ಕರಗಿಹೋಗುವುದನ್ನೇ ನಾವು ಸಾಮಾನ್ಯವಾಗಿ ಕಾಣುತ್ತೇವೆ. ಮೆಚ್ಚಿದ ಕಲಾವಿದನ ಬಗ್ಗೆ ಯಾರಾದರೂ ಒಂದು ಟೀಕೆಯ ಮಾತಾಡಿದರೆ ಕೈ ಎತ್ತುವವರೂ ಅಭಿಮಾನಿಗಳೇ. ಎರಡು ಅರ್ಥಗಳನ್ನೂ ಒಟ್ಟಿಗೆ ಉಳಿಸಿಕೊಂಡ ಅಭಿಮಾನ ಇರಲು ಸಾಧ್ಯವೇ? ಅಮೆರಿಕದ ‘ಗ್ರೇಟ್‌ಫುಲ್ ಡೆಡ್’ ಎಂಬ ರಾಕ್ ತಂಡವನ್ನು ಜೀವಮಾನವಿಡೀ ಪ್ರೀತಿಸಿದ ಕೇಳುಗರನ್ನು ಗಮನಿಸಿದರೆ ಈ ಪ್ರಶ್ನೆಗೆ ಒಂದು ಉತ್ತರ ಸಿಗುತ್ತದೆ. ಅದು ಪೂರ್ತಿ ಸಿಹಿಯಾದ ಉತ್ತರವೇನಲ್ಲ.

1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಈ ತಂಡ, ಅದರ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ 1995ರಲ್ಲಿ ತೀರಿಕೊಳ್ಳುವವರೆಗೆ ಸುಮಾರು 2,300 ಸಂಗೀತ ಕಛೇರಿಗಳನ್ನು ನಡೆಸಿತು. ರೇಡಿಯೋದಲ್ಲಿ ಗೆಲ್ಲುವ ಮೂರು ನಿಮಿಷದ ಹಾಡುಗಳು ಅದರ ಬಲವಾಗಿರಲಿಲ್ಲ. ಅದರ ಬಲವೆಲ್ಲ ವೇದಿಕೆಯ ಮೇಲಿತ್ತು. ಇಂದು ಯಾವ ಹಾಡು, ಯಾವ ಕ್ರಮದಲ್ಲಿ, ಎಷ್ಟು ಹೊತ್ತು ಎಂಬುದು ಕೇಳುಗರಿಗೆ ಮೊದಲೇ ತಿಳಿಯುತ್ತಿರಲಿಲ್ಲ. ರಾಗವನ್ನು ಬಿಡಿಸುತ್ತಾ ಹೋಗುವ ನಮ್ಮ ಗಾಯಕರಂತೆ ಇವರೂ ಒಂದು ಹಾಡಿನೊಳಗೆ ದಾರಿ ಹುಡುಕುತ್ತಾ ಹೋಗುತ್ತಿದ್ದರು. ಕೆಲವೊಮ್ಮೆ ದಾರಿ ತಪ್ಪುತ್ತಲೂ ಇದ್ದರು. ಹಾಗಾಗಿಯೇ ಒಂದು ರಾತ್ರಿ ಕೇಳಿದವರು ಮರುದಿನವೂ ಬಂದರು, ಊರಿಂದೂರಿಗೆ ಹಿಂಬಾಲಿಸಿದರು. ಅವರಿಗೆ ‘ಡೆಡ್‌ಹೆಡ್’ಗಳೆಂಬ ಹೆಸರು ಬಿತ್ತು.

ಈ ಕೇಳುಗರಲ್ಲಿ ಹಲವರು ಕಛೇರಿಗೆ ಮೈಕು, ಟೇಪ್‌ರೆಕಾರ್ಡರುಗಳನ್ನು ಹೊತ್ತು ತರುತ್ತಿದ್ದರು. ಇದನ್ನು ಕಳ್ಳತನವೆಂದು ಸಂಗೀತ ಉದ್ಯಮ ಬಗೆಯುತ್ತಿದ್ದ ಕಾಲವದು. ಆದರೆ ಈ ತಂಡ ನೋಡಿಯೂ ನೋಡದಂತಿತ್ತು. 1984ರಲ್ಲಂತೂ ಧ್ವನಿಮುದ್ರಣ ಮಾಡುವವರಿಗೆಂದೇ ಪ್ರತ್ಯೇಕ ಜಾಗ ಬಿಟ್ಟುಕೊಟ್ಟಿತು. ನುಡಿಸಿ ಮುಗಿದ ಮೇಲೆ ಸಂಗೀತ ಕೇಳುಗರದು ಎಂಬುದು ಗಾರ್ಸಿಯಾ ಅವರ ನಿಲುವಾಗಿತ್ತು. ಷರತ್ತು ಒಂದೇ, ಮಾರಬಾರದು. ಖಾಲಿ ಕ್ಯಾಸೆಟ್ಟು ಮತ್ತು ಅಂಚೆ ವೆಚ್ಚ ಕಳಿಸಿಕೊಟ್ಟರೆ ಮುಖಪರಿಚಯವಿಲ್ಲದವರೂ ಪ್ರತಿ ಮಾಡಿ ಕಳಿಸುತ್ತಿದ್ದರು. ನಂಬಿ ಒಪ್ಪಿಸಿದ್ದನ್ನು ಅಮಾನತ್ತು ಎನ್ನುತ್ತೇವಲ್ಲ, ಇದು ಹಾಗೆ ಒಪ್ಪಿಸಿದ ಸಂಗೀತ. ಕೊಳ್ಳುವವನಾಗಿದ್ದ ಅಭಿಮಾನಿಯನ್ನು ಅದು ಕಾಯುವವನನ್ನಾಗಿ ಮಾಡಿತು.

ಕಾಯುವುದೆಂದರೇನು ಎಂಬುದಕ್ಕೆ 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಕಛೇರಿಯ ಕತೆ ಸಾಕು. ಅದನ್ನು ಮುದ್ರಿಸಿಕೊಂಡವರು ತಂಡದ ಧ್ವನಿತಂತ್ರಜ್ಞೆ ಬೆಟ್ಟಿ ಕ್ಯಾಂಟರ್ ಜಾಕ್ಸನ್. ಮುಂದೆ ಅವರು ಬಾಡಿಗೆ ಕಟ್ಟಲಾಗದೆ ಹೋದಾಗ, ಟೇಪುಗಳನ್ನು ಇಟ್ಟಿದ್ದ ಗೋದಾಮಿನವರು 1986ರಲ್ಲಿ ಅವನ್ನು ಹರಾಜು ಹಾಕಿದರು. ಕೊಂಡವರಲ್ಲಿ ಅಭಿಮಾನಿಗಳಿದ್ದರು. ಪ್ರತಿಗಳು ಕೈಯಿಂದ ಕೈಗೆ ಹರಿದವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ 2011ರ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಯಲ್ಲಿ ಈ ಟೇಪನ್ನು ಸೇರಿಸಿತು. ಅಧಿಕೃತ ಆಲ್ಬಮ್ ಹೊರಬಂದದ್ದು 2017ರಲ್ಲಿ. ಅಂಗಡಿಗೆ ಬರುವ ಮೊದಲೇ ಒಂದು ಸಂಗೀತ ದೇಶದ ಆಸ್ತಿಯಾಗಿತ್ತು.

ಆ ಕಛೇರಿಯಲ್ಲಿ ಎರಡು ಹಾಡುಗಳು ಬೆಸೆದುಕೊಂಡು ಸುಮಾರು 25 ನಿಮಿಷ ಹರಿಯುವ ಭಾಗವೊಂದಿದೆ. ಮೊದಲನೆಯದು ಎಲ್ಲಿ ಮುಗಿಯಿತು, ಎರಡನೆಯದು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಫಿಲ್ ಲೆಶ್ ಅವರ ಬಾಸ್ ಗಿಟಾರ್ ತಾಳ ಹಿಡಿದು ಸುಮ್ಮನಿರುವುದಿಲ್ಲ, ಗಾರ್ಸಿಯಾ ಅವರ ಮಾತಿಗೆ ಮಾತು ಕೊಡುತ್ತದೆ. ಯಾರಿಗೂ ಅವಸರವಿಲ್ಲ. ಹಾಗಿದ್ದೂ ಇದೇ ಅವರ ಶ್ರೇಷ್ಠ ರಾತ್ರಿಯೇ ಎಂಬ ಬಗ್ಗೆ ಅಭಿಮಾನಿಗಳಲ್ಲೇ ಒಮ್ಮತವಿಲ್ಲ. ಟೇಪು ಸ್ವಚ್ಛವಾಗಿತ್ತು, ಎಲ್ಲರಿಗೂ ಸಿಕ್ಕಿತು, ಅದರಿಂದಲೇ ಹೆಸರಾಯಿತು ಎಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ಸತ್ಯಾಂಶವಿದೆಯೆಂದೇ ನಮಗೆ ತೋರುತ್ತದೆ. ಆದರೆ ನಮ್ಮ ಗಮನ ಸೆಳೆಯುವುದು ಆ ವಾದ ನಡೆಯುತ್ತದೆ ಎಂಬ ಸಂಗತಿ. ಯಾವ ರಾತ್ರಿ ಗಾರ್ಸಿಯಾ ಸಾಲು ಮರೆತರು, ಯಾವ ವರ್ಷ ದನಿ ಒಡೆಯಿತು ಎಂದು ಲೆಕ್ಕವಿಟ್ಟು ಹೇಳುವವರು ಅವರನ್ನು ಪ್ರೀತಿಸಿದವರೇ. ವಿಮರ್ಶೆಯನ್ನು ದ್ರೋಹವೆಂದು ತಿಳಿಯದ ಪ್ರೀತಿ ಇದು.

ಈ ಕೇಳುಗರ ಕಿವಿ ದೂರದ ಸಂಗೀತಕ್ಕೂ ತೆರೆಯಿತು. 1978ರಲ್ಲಿ ತಂಡ ಈಜಿಪ್ಟಿನ ಪಿರಮಿಡ್ಡುಗಳ ಬುಡದಲ್ಲಿ ನುಡಿಸಿದಾಗ ನೂಬಿಯಾದ ಊದ್ ವಾದಕ ಹಂಝಾ ಎಲ್ ದೀನ್ ಜೊತೆಗಿದ್ದರು. ತಂಡದ ಡ್ರಮ್ಮರ್ ಮಿಕಿ ಹಾರ್ಟ್ ಉಸ್ತಾದ್ ಅಲ್ಲಾ ರಖಾ ಅವರಿಂದ ತಾಳದ ಪಾಠ ಕಲಿತವರು. ಅವರ 1991ರ ‘ಪ್ಲಾನೆಟ್ ಡ್ರಮ್’ ಆಲ್ಬಮ್ಮಿನಲ್ಲಿ ಝಾಕಿರ್ ಹುಸೇನ್ ಅವರ ತಬಲಾ, ವಿಕ್ಕು ವಿನಾಯಕರಾಂ ಅವರ ಘಟಂ ಇವೆ.

ಇನ್ನು ಸಂಕಟದ ಮಾತು. 1987ರಲ್ಲಿ ‘ಟಚ್ ಆಫ್ ಗ್ರೇ’ ಹಾಡು ಅಮೆರಿಕದ ಮೊದಲ ಹತ್ತರ ಪಟ್ಟಿಗೆ ಏರಿತು. ಆ ಪಟ್ಟಿ ಮುಟ್ಟಿದ ಅವರ ಹಾಡು ಅದೊಂದೇ. ಜನ ಮುಗಿಬಿದ್ದರು, ಕಛೇರಿ ಜಾತ್ರೆಯಾಯಿತು. 1995ರ ಜುಲೈ 2ರಂದು ಇಂಡಿಯಾನಾದ ಡಿಯರ್ ಕ್ರೀಕ್‌ನಲ್ಲಿ ಟಿಕೆಟ್ ಇಲ್ಲದ ಸಾವಿರಾರು ಜನ ಬೇಲಿ ಮುರಿದು ನುಗ್ಗಿದರು. ಮರುದಿನದ ಕಛೇರಿ ರದ್ದಾಯಿತು. ಟಿಕೆಟ್ ಇಲ್ಲದವರು ದಯವಿಟ್ಟು ಬರಬೇಡಿ ಎಂದು ತಂಡವೇ ಅಭಿಮಾನಿಗಳಿಗೆ ಬಹಿರಂಗ ಪತ್ರ ಬರೆಯಬೇಕಾಯಿತು. ಆಗಸ್ಟ್ 9ರಂದು, ಹೆರಾಯಿನ್ ಚಟದಿಂದ ಬಿಡಿಸಿಕೊಳ್ಳಲು ಸೇರಿದ್ದ ಚಿಕಿತ್ಸಾ ಕೇಂದ್ರದಲ್ಲಿ ಗಾರ್ಸಿಯಾ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53. ಅಭಿಮಾನಿಗಳು ಅವರನ್ನು ಕೊಂದರೆಂದರೆ ಅದು ಸುಳ್ಳಾಗುತ್ತದೆ. ಆದರೆ ದಣಿದ ಮನುಷ್ಯನೊಬ್ಬನನ್ನು ಮತ್ತೆ ಮತ್ತೆ ವೇದಿಕೆಗೆ ಕರೆದದ್ದು ಪ್ರೀತಿಯೇ. ಸಾಕು, ಮನೆಗೆ ಹೋಗಿ ಎನ್ನಲು ಆ ಪ್ರೀತಿಗೆ ಬಾಯಿ ಬರಲಿಲ್ಲ.

ಮಾದಕ ದ್ರವ್ಯ ಈ ತಂಡಕ್ಕೆ ಆರಂಭದಿಂದಲೇ ಅಂಟಿಕೊಂಡಿತ್ತು. ಸಂಗೀತವೂ ಅಮಲೂ ಬೇರೆಯಲ್ಲವೆಂಬ ನಂಬಿಕೆ ಅಲ್ಲಿ ಬೆಳೆದಿತ್ತು. ಅದನ್ನು ಅಲ್ಲಗಳೆದವರೂ ಅಭಿಮಾನಿಗಳೇ ಎಂಬುದನ್ನು ಮರೆಯಬಾರದು. 1980ರ ದಶಕದಲ್ಲಿ ‘ವಾರ್ಫ್ ರ‍್ಯಾಟ್ಸ್’ ಎಂಬ ಗುಂಪು ಕಟ್ಟಿಕೊಂಡ ಇವರು ಕುಡಿತ, ಡ್ರಗ್ಸ್ ಬಿಟ್ಟವರು, ಆದರೆ ಸಂಗೀತವನ್ನು ಬಿಡಲೊಲ್ಲದವರು. ಹಳದಿ ಬಲೂನು ಕಟ್ಟಿದ ಜಾಗದಲ್ಲಿ ಕಛೇರಿಯ ವಿರಾಮದ ವೇಳೆ ಸೇರಿ ಒಬ್ಬರಿಗೊಬ್ಬರು ಆಸರೆಯಾಗುತ್ತಿದ್ದರು. ಇಡೀ ಕತೆಯಲ್ಲಿ ನಾವು ಅತಿ ಹೆಚ್ಚು ಗೌರವಿಸುವುದು ಇವರನ್ನು. ಪ್ರೀತಿಸಿದ್ದರಲ್ಲಿ ಯಾವುದು ಹಾಡು, ಯಾವುದು ವಿಷ ಎಂದು ಬೇರ್ಪಡಿಸಿ ನೋಡಿದವರು ಅವರು.

ಅದೇ ಸ್ವಾಭಿಮಾನ 2005ರಲ್ಲಿ ಇನ್ನೊಂದು ರೂಪದಲ್ಲಿ ಕಾಣಿಸಿತು. ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತಿದ್ದ ಕಛೇರಿಗಳ ಡೌನ್‌ಲೋಡನ್ನು ತಂಡದ ಕಡೆಯವರು ನಿಲ್ಲಿಸಿದಾಗ ಅಭಿಮಾನಿಗಳು ಪ್ರತಿಭಟಿಸಿದರು. ಕೆಲವೇ ದಿನಗಳಲ್ಲಿ, ಕೇಳುಗರು ತಾವೇ ಮಾಡಿದ ಮುದ್ರಣಗಳು ಮರಳಿ ಬಂದವು. ತಂಡದ ಧ್ವನಿಯಂತ್ರದಿಂದ ನೇರವಾಗಿ ತೆಗೆದವು ಕೇಳಲು ಮಾತ್ರ ಉಳಿದವು. ನೀವೇ ಕೊಟ್ಟ ಮಾತಿಗೆ ನೀವು ನಿಲ್ಲಿ ಎಂದು ಮೆಚ್ಚಿದವರಿಗೇ ಹೇಳುವುದು ಸಣ್ಣ ಸಂಗತಿಯಲ್ಲ.

2024ರ ಅಕ್ಟೋಬರಿನಲ್ಲಿ ಫಿಲ್ ಲೆಶ್, ಡಿಸೆಂಬರಿನಲ್ಲಿ ಝಾಕಿರ್ ಹುಸೇನ್ ತೀರಿಕೊಂಡರು. ನುಡಿಸಿದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. 1977ರ ಆ 25 ನಿಮಿಷಗಳು ಮಾತ್ರ ಇಂದಿಗೂ ಕೇಳಲು ಸಿಗುತ್ತವೆ. ಕೈಗೆ ಬಂದ ಟೇಪನ್ನು ಯಾರೋ ಮಾರದೆ ಇಟ್ಟುಕೊಂಡರು, ಕೇಳಿದವರಿಗೆ ಪ್ರತಿ ಮಾಡಿ ಕೊಟ್ಟರು.