ಬಂಡೆಗಳ ನಡುವೆ ಸೈಲೆನ್ಸರ್

ಶನಿವಾರ ಬೆಳಗಾಯಿತೆಂದರೆ ಗಂಗಾವತಿ ದಾಟಿ ಸಂಗಾಪುರ, ಕಡೇಬಾಗಿಲು ಹಾದು ಆನೆಗೊಂದಿಯತ್ತ ಹೊರಗಿನ ನಂಬರಿನ ಕಾರುಗಳು ಬರತೊಡಗುತ್ತವೆ. ಅವುಗಳಲ್ಲಿ ಒಂದಷ್ಟು, ಕಂಪನಿ ಕೊಟ್ಟ ಸೈಲೆನ್ಸರ್ ಬಿಚ್ಚಿಸಿ ಬೇರೆಯದನ್ನು ಹಾಕಿಸಿಕೊಂಡಂಥವು. ಅಂಜನಾದ್ರಿಯ ಬುಡದಿಂದ ಹನುಮನಹಳ್ಳಿ, ಸಾಣಾಪುರದವರೆಗಿನ ರಸ್ತೆ ಇಂಥ ಕಾರುಗಳ ಬಂಡವಾಳ ಬಯಲು ಮಾಡುವುದರಲ್ಲಿ ಎತ್ತಿದ ಕೈ. ಒಂದು ಕಡೆ ಗ್ರಾನೈಟ್ ಬಂಡೆಗಳ ರಾಶಿ, ಇನ್ನೊಂದು ಕಡೆ ಭತ್ತದ ಗದ್ದೆ, ಅಲ್ಲಲ್ಲಿ ಹಂಪ್. ಹೊರಟ ಸದ್ದು ಬಂಡೆಗೆ ಬಡಿದು ವಾಪಸ್ ಕಿವಿಗೆ ಬರುತ್ತದೆ. ಬೆಂಗಳೂರಿನ ರಿಂಗ್ ರೋಡಿನ ಗದ್ದಲದಲ್ಲಿ ಗಂಭೀರವಾಗಿ ಕೇಳಿಸಿದ್ದ ಪೈಪು ಇಲ್ಲಿ ಬರೀ ಕರ್ಕಶ.

ಟರ್ಬೊ ಕಾರಿಗೆ ಯಾವ ಎಕ್ಸಾಸ್ಟ್ ಹಾಕಿಸಲಿ ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ವರ್ಟಸ್ ಜಿಟಿ, ಐ20 ಎನ್ ಲೈನ್, ಹಳೆಯ ಪೋಲೊ ಜಿಟಿ. ಕೈಯಲ್ಲಿ ಇನ್ನಷ್ಟು ಕಾಸಿದ್ದವರಲ್ಲಿ ಆಕ್ಟೇವಿಯಾ ವಿಆರ್‌ಎಸ್. ಎಲ್ಲರೂ ಮೊದಲು ಕೇಳುವುದು ಎಷ್ಟು ಹಾರ್ಸ್‌ಪವರ್ ಹೆಚ್ಚುತ್ತದೆ ಎಂದು. ಆಮೇಲೆ ಕಾಲು ಪೂರ್ತಿ ಒತ್ತಿದಾಗ ಸದ್ದು ಹೇಗೆ ಎಂದು. ಟಾಪ್ ಗೇರಿನಲ್ಲಿ ಗಂಟೆಗೆ ತೊಂಬತ್ತರಲ್ಲಿ ಕಾಲು ಹಗುರವಾಗಿಟ್ಟು ಹೋಗುವಾಗ ಅದು ಸುಮ್ಮನಿರುತ್ತದೆಯೇ ಎಂದು ಕೇಳಿದವರು ತೀರಾ ವಿರಳ. ನನ್ನ ಮಟ್ಟಿಗೆ ಕೇಳಬೇಕಾದ್ದು ಅದೊಂದೇ. ಕಾರು ತನ್ನ ಆಯುಷ್ಯದ ಬಹುಪಾಲು ಕಳೆಯುವುದು 1,500ರಿಂದ 2,500 ಆರ್‌ಪಿಎಮ್ ಒಳಗೆ. ಅಲ್ಲಿ ಮೌನವಾಗಿದ್ದು ನಾಲ್ಕು ಸಾವಿರ ದಾಟಿದ ಮೇಲೆ ಮಾತ್ರ ಬಾಯಿ ಬಿಡುವ ಸೈಲೆನ್ಸರಿಗಷ್ಟೇ ದುಡ್ಡು ಕೊಡಬೇಕು.

ಮೊದಲು ಪವರ್ ವಿಷಯ ಮುಗಿಸೋಣ. ಟರ್ಬೊ ಕಾರಿನಲ್ಲಿ ಎಂಜಿನ್ ಬಿಟ್ಟ ಹೊಗೆ ಮೊದಲು ಟರ್ಬೈನ್ ತಿರುಗಿಸುತ್ತದೆ, ಅಲ್ಲಿಂದ ಡೌನ್‌ಪೈಪು, ಅದರಲ್ಲೇ ಕ್ಯಾಟಲಿಟಿಕ್ ಕನ್ವರ್ಟರ್. ಹೊಗೆಗೆ ನಿಜವಾದ ಅಡ್ಡಿ ಇರುವುದು ಇಲ್ಲಿ. ಅಂಗಡಿಯವರು ‘ಕ್ಯಾಟ್‌ಬ್ಯಾಕ್’ ಎಂದು ಮಾರುವುದು ಕನ್ವರ್ಟರಿನಿಂದ ಹಿಂದಿನ ಭಾಗವನ್ನು ಮಾತ್ರ. ಅದನ್ನು ಬದಲಿಸಿದರೆ ಕಂಪನಿಯ ಟ್ಯೂನ್‌ನಲ್ಲಿರುವ ಕಾರಿಗೆ ಸಿಗುವ ಲಾಭ ಡೈನೊ ಅಳತೆಯ ಏರುಪೇರಿನಲ್ಲೇ ಮುಳುಗಿಹೋಗುವಷ್ಟು. ಸದ್ದಿಗಾಗಿ, ತೂಕ ಇಳಿಸುವುದಕ್ಕಾಗಿ ಹಾಕಿಸಿಕೊಳ್ಳಿ, ತಪ್ಪಿಲ್ಲ. ಪವರ್‌ಗಾಗಿ ಎಂದು ಮನೆಯಲ್ಲಿ ಹೇಳಬೇಡಿ.

ಹಾಗಾದರೆ ಕನ್ವರ್ಟರನ್ನೇ ಕಿತ್ತು ಬರೀ ಪೈಪ್ ಹಾಕಿಸಿದರಾಯಿತಲ್ಲ ಎನ್ನುವವರಿದ್ದಾರೆ. ಅದರೊಳಗಿನ ಜೇನುಗೂಡಿನಂಥ ಜಾಲರಿಯ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನವಿರುತ್ತದೆ. ಸುಮಾರು 250–300 ಡಿಗ್ರಿ ಕಾದ ಮೇಲೆ ಅದು ವಿಷಾನಿಲಗಳನ್ನು ಸುಟ್ಟು, ಒಡೆದು ಸೌಮ್ಯ ಮಾಡುತ್ತದೆ. 2023ರ ಏಪ್ರಿಲ್‌ನಿಂದ ಬಂದ ಬಿಎಸ್-6 ಎರಡನೇ ಹಂತದ ಕಾರುಗಳು ಓಡುತ್ತಲೇ ಅದರ ಆರೋಗ್ಯ ನೋಡಿಕೊಳ್ಳುತ್ತವೆ. ಕಿತ್ತರೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹತ್ತುತ್ತದೆ, ಆ ದೀಪ ಆರಿಸಲು ಇನ್ನೊಬ್ಬರಿಗೆ ದುಡ್ಡು. ಊರ ರಸ್ತೆಯಲ್ಲಿ ಹಿಂದೆ ಬರುವವನು ಕಣ್ಣುಜ್ಜಿಕೊಳ್ಳುವಂಥ ಹೊಗೆ ಬಿಡುವ ಕಾರನ್ನು ‘ಪರ್ಫಾರ್ಮೆನ್ಸ್’ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಟರ್ಬೊ ಇಲ್ಲದ ಎಂಜಿನ್ನಿನ ಕಥೆ ಬೇರೆ, ಹೆಚ್ಚು ರುಚಿಯದ್ದು. ಹಳೆಯ ಹೋಂಡಾ ಸಿಟಿ ವಿಟೆಕ್ ಇಟ್ಟುಕೊಂಡವರು ಇಂದಿಗೂ ಸಿಲಿಂಡರುಗಳ ಹೊಗೆ ಕೂಡಿಸಿ ಹೊರತರುವ ಹೆಡರ್ ಪೈಪಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವುದು ಸುಮ್ಮನೆ ಅಲ್ಲ. ನಾಲ್ಕು ಸಿಲಿಂಡರುಗಳ ಉರಿಯುವ ಸರದಿ 1-3-4-2. ಒಂದು ಮತ್ತು ನಾಲ್ಕನ್ನು ಒಂದು ಜೋಡಿ, ಎರಡು ಮತ್ತು ಮೂರನ್ನು ಇನ್ನೊಂದು ಜೋಡಿ ಮಾಡಿ ಆಮೇಲೆ ಎರಡನ್ನೂ ಕೂಡಿಸಿದರೆ ಒಂದರ ಹೊಗೆ ಹೋಗುವ ರಭಸ ಇನ್ನೊಂದರ ಹೊಗೆಯನ್ನು ಎಳೆದುಕೊಳ್ಳುತ್ತದೆ. ಇಂಥ 4-2-1 ಹೆಡರ್ ಮಧ್ಯದ ಆರ್‌ಪಿಎಮ್‌ಗೆ ಒಳ್ಳೆಯದು. ನಾಲ್ಕನ್ನೂ ಒಮ್ಮೆಗೇ ಕೂಡಿಸುವ 4-1 ಮೇಲಿನ ಆರ್‌ಪಿಎಮ್‌ಗೆ. ‘ಬ್ಯಾಕ್ ಪ್ರೆಷರ್ ಬೇಕೇ ಬೇಕು’ ಎಂಬ ಗ್ಯಾರೇಜ್ ಮಾತು ಇಲ್ಲಿಂದಲೇ ಹುಟ್ಟಿದ್ದು. ಬೇಕಾದ್ದು ಒತ್ತಡವಲ್ಲ, ಹೊಗೆಯ ವೇಗ. ಪೈಪನ್ನು ಬೇಕಾಬಿಟ್ಟಿ ದಪ್ಪ ಮಾಡಿದರೆ ಆ ವೇಗ ಸಾಯುತ್ತದೆ, ಹಂಪ್ ದಾಟಿ ಎತ್ತಿಕೊಳ್ಳುವಾಗ ಕಾರು ಮಂಕಾಗುತ್ತದೆ.

ಹೊಗೆಯ ಅಲೆಯಿಂದ ಪವರ್ ತೆಗೆಯುವ ಕಲೆ ಪರಾಕಾಷ್ಠೆ ಮುಟ್ಟಿದ್ದು ಟೂ-ಸ್ಟ್ರೋಕ್ ಬೈಕುಗಳಲ್ಲಿ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜಡ್ ಕಂಪನಿಯ ವಾಲ್ಟರ್ ಕಾಡನ್ ಹೊಟ್ಟೆ ಉಬ್ಬಿದ ಪೈಪಿನ ಆಕಾರ ತಿದ್ದಿ ತಿದ್ದಿ, ಹೊರಗೆ ಹಾರಿದ ಹಸಿ ಪೆಟ್ರೋಲು-ಗಾಳಿಯನ್ನು ವಾಪಸ್ ಸಿಲಿಂಡರಿಗೇ ನೂಕಿಸಿದ. ನಮ್ಮವರಿಗೆ ಟೂ-ಸ್ಟ್ರೋಕ್ ಸದ್ದಿನ ಹುಚ್ಚು ಹಿಡಿಸಿದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ. 1996ರಲ್ಲಿ ಅದು ಬಾಗಿಲು ಹಾಕಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಕೊಟ್ಟ, ಅದೇ ಕಾರ್ಖಾನೆಯ ಯೆಜ್ಡಿ ಈ ಕಡೆ ಬಂದರೆ ಈಗಲೂ ಜನ ತಿರುಗಿ ನೋಡುತ್ತಾರೆ, ಬೈಯುವುದಿಲ್ಲ. ಬುಲೆಟ್ಟಿಗೆ ಇಂದೋರಿ ಸೈಲೆನ್ಸರ್ ಹಾಕಿಸಿದವರಿಗೆ ಆ ಮರ್ಯಾದೆ ಸಿಕ್ಕಿಲ್ಲ.

ಇನ್ನು ಕಾರಿನೊಳಗೆ ಕಿವಿಗೆ ತೂತು ಕೊರೆಯುವ ಗುಂಯ್‌ಗುಡುವಿಕೆ. ಕಾರಿನವರು ಡ್ರೋನ್ ಎನ್ನುವುದು ಇದಕ್ಕೇ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. 2,400 ಆರ್‌ಪಿಎಮ್ ಎಂದರೆ ಸೆಕೆಂಡಿಗೆ 40 ಸುತ್ತು, 80 ಬಡಿತ. ಕಾರಿನ ಒಳಗಿನ ಗಾಳಿಗೂ ತನ್ನದೇ ಕಂಪನವಿದೆ. ಅದು ಬಹಳ ಕಾರುಗಳಲ್ಲಿ ಈ ಅಂಕಿಯ ಆಸುಪಾಸೇ. ಎರಡೂ ಕೂಡಿದವೆಂದರೆ ಹಿಂದಿನ ಸೀಟಿನಲ್ಲಿ ಕೂತ ಅಮ್ಮನಿಗೆ ತಲೆನೋವು ಶುರು. ಇದಕ್ಕೆ ಬಲ್ಲವರು ಮಾಡುವ ಉಪಾಯ ಚೆನ್ನಾಗಿದೆ. ಮುಖ್ಯ ಪೈಪಿಗೆ ಪಕ್ಕದಿಂದ ತುದಿ ಮುಚ್ಚಿದ ಇನ್ನೊಂದು ಪೈಪ್ ಬೆಸೆಯುತ್ತಾರೆ. ಅದರೊಳಗೆ ಹೊಕ್ಕ ಅಲೆ ಮುಚ್ಚಿದ ತುದಿಗೆ ಬಡಿದು ಅರ್ಧ ಆವರ್ತನ ತಡವಾಗಿ ಮರಳಿ, ಮುಖ್ಯ ಅಲೆಯನ್ನು ಹೊಡೆದುಹಾಕುತ್ತದೆ. ಬಿಸಿ ಹೊಗೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 480 ಮೀಟರ್ ಎಂದು ಹಿಡಿದರೆ 80 ಬಡಿತಕ್ಕೆ ಬೇಕಾದ ಪೈಪಿನ ಉದ್ದ ಒಂದೂವರೆ ಮೀಟರ್. ಇಷ್ಟುದ್ದದ್ದನ್ನು ಸ್ಪೇರ್ ಟೈರಿನ ಪಕ್ಕ ಬಾಗಿಸಿ ಕೂರಿಸಬಲ್ಲ ಅಂಗಡಿ ಸಿಕ್ಕರೆ ಬಿಡಬೇಡಿ.

ವರ್ಟಸ್ ಜಿಟಿಯವರು ಮಾತ್ರ ಇಲ್ಲಿ ಎಚ್ಚರ. ಅದರ 1.5 ಲೀಟರ್ ಎಂಜಿನ್ ಕಾಲು ಹಗುರವಾದಾಗ ಎರಡನೇ, ಮೂರನೇ ಸಿಲಿಂಡರುಗಳನ್ನು ಮಲಗಿಸುತ್ತದೆ. ಬಡಿತ ಒಮ್ಮೆಲೇ 80ರಿಂದ 40ಕ್ಕೆ. ಅದನ್ನು ಕೊಲ್ಲಲು ಮೂರು ಮೀಟರಿನ ಪೈಪು ಬೇಕು, ಇಡುವುದು ಎಲ್ಲಿ? ಪೋಲೊಗೆ ಹೊಂದಿದ ಸೈಲೆನ್ಸರನ್ನೇ ಅಳತೆ ಬದಲಿಸಿ ಇದಕ್ಕೆ ಹಾಕಿದರೆ ಹೆದ್ದಾರಿಯ ಉದ್ದಕ್ಕೂ ಕಾರು ನರಳುತ್ತದೆ. ಈ ಕಾರಿಗೆ ಕಂಪನಿಯ ಸೈಲೆನ್ಸರೇ ಸಾಕು ಎಂಬುದು ನನ್ನ ಪಕ್ಕಾ ಅಭಿಪ್ರಾಯ.

ಮಾಲು ನೋಡುವುದು ಹೇಗೆ? ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇರಲಿ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಅದು ಹೆಚ್ಚುಕಡಿಮೆ ಅಂಟುವುದಿಲ್ಲ, 409ಕ್ಕೆ ಗಟ್ಟಿಯಾಗಿ ಅಂಟುತ್ತದೆ. 409 ಕೆಟ್ಟದ್ದೇನಲ್ಲ, 304ರ ರೇಟ್ ಹೇಳಿ ಅದನ್ನು ಕೊಡುವುದು ಕೆಟ್ಟದ್ದು. ಬಾಗಿದ ಜಾಗದಲ್ಲಿ ಪೈಪು ಚಪ್ಪಟೆಯಾಗಿ ಸುಕ್ಕುಗಟ್ಟಿದ್ದರೆ ಎದ್ದು ಬನ್ನಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಆನೆಗೊಂದಿಯಿಂದ ಗಂಗಾವತಿಗೆ ಹೋಗಿ ಬರುವಂಥ ಸಣ್ಣ ಓಡಾಟದಲ್ಲಿ ಸೈಲೆನ್ಸರ್ ಪೂರ್ತಿ ಕಾಯುವುದೇ ಇಲ್ಲ, ನೀರು ಒಳಗೇ ನಿಂತು ತುಕ್ಕು. ಡಬ್ಬಿಯ ಕೆಳಗೆ ನೀರಿಳಿಯಲು ಸಣ್ಣ ತೂತಿದೆಯೇ ನೋಡಿ.

ಗಂಗಾವತಿಯ ವೆಲ್ಡಿಂಗ್ ಶಾಪೊಂದರಲ್ಲಿ ಈಚೆಗೆ, ಸದ್ದು ಜೋರಾಯಿತೆಂದು ಬಂದಿದ್ದ ಒಂದು ಸೈಲೆನ್ಸರ್ ಕೊಯ್ಯುವುದನ್ನು ನೋಡುತ್ತ ನಿಂತಿದ್ದೆ. ಕಟರ್ ಕಿಡಿ ನಿಂತ ಮೇಲೆ ಮಿಸ್ತ್ರಿ ಎರಡೂ ಹೋಳು ಅಗಲಿಸಿದ. ನಡುವೆ ತೂತುತೂತಿನ ನೇರ ಪೈಪು, ಸುತ್ತ ಗ್ಲಾಸ್‌ವೂಲ್ ಇರಬೇಕಾದಲ್ಲಿ ಕರಿ ಪುಡಿ. “ನೋಡ್ರಿ ಸರ, ತುಂಬಿದ್ದೆಲ್ಲಾ ಗಾಳಿಗೆ ಹಾರಿ ಹೋಗೈತ್ರಿ. ಹೊಸಾದ್ರಾಗ ಚಲೋ ಕೇಳಿಸ್ತೈತಿ, ವರ್ಷ ಆದ ಮ್ಯಾಗ ಬರೇ ಡಬ್ಬಿ.” ಅಂಗಡಿಯಲ್ಲಿ ಕೇಳಿಸಿದ ಸದ್ದು ಎಷ್ಟು ದಿನದ್ದು ಎಂದು ಅಲ್ಲೇ ಅರ್ಥವಾಯಿತು. ಒಳಗೆ ಕೋಣೆಗಳಿರುವ ಹಳೇ ಮಾದರಿ ಭಾರ, ಆದರೆ ಅದರ ಸದ್ದು ಬದಲಾಗುವುದು ತುಂಬ ನಿಧಾನ.

ಕಾನೂನು ಬದಿಗಿಟ್ಟು ಈ ಮಾತು ಮುಗಿಸುವಂತಿಲ್ಲ. ಕಾರಿನ ಸದ್ದು ನಿಗದಿತ ಪರೀಕ್ಷೆಯಲ್ಲಿ 74 ಡೆಸಿಬಲ್ ಮೀರಬಾರದು. ಹತ್ತು ಡೆಸಿಬಲ್ ಹೆಚ್ಚಿದರೆ ಕಿವಿಗೆ ಸದ್ದು ಎರಡರಷ್ಟಾದಂತೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಸದ್ದು, ಹೊಗೆಯ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ ಇಲ್ಲವೇ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಇಲ್ಲ. ಬಿಚ್ಚಿಸಿದ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಪೊಲೀಸರು ರೋಡ್ ರೋಲರ್ ಹತ್ತಿಸಿದ್ದನ್ನು ರಾಜ್ಯದ ಹಲವು ಊರುಗಳ ಸುದ್ದಿಯಲ್ಲಿ ಓದಿದ್ದೇವೆ. ಯುರೋಪಿನಲ್ಲಿ ಬದಲಿ ಸೈಲೆನ್ಸರಿಗೂ ಪರೀಕ್ಷೆ ಮಾಡಿ ಇ-ಮಾರ್ಕ್ ಕೊಡುತ್ತಾರೆ. ಆ ಮುದ್ರೆ ಇಲ್ಲಿ ರಕ್ಷಾಕವಚವಲ್ಲ; ಆದರೂ ಮುದ್ರೆ ಇದ್ದದ್ದಕ್ಕೂ ಇಲ್ಲದ್ದಕ್ಕೂ ಕಿವಿಗೇ ವ್ಯತ್ಯಾಸ ತಿಳಿಯುತ್ತದೆ.

ಹೊಳೆಯ ಆಚೆ ದಡದ ಹಂಪಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನದ ತನಕ ಬ್ಯಾಟರಿ ಗಾಡಿ ಮಾತ್ರ. ಈಚೆ ದಡದ ನಾವು ಅಷ್ಟು ಬಿಗಿಯಾಗಿಲ್ಲ. ಡಿಸೆಂಬರಿನಲ್ಲಿ ಹನುಮಮಾಲೆ ವಿಸರ್ಜನೆಗೆ ಬರುವ ಜನಸಾಗರದ ನಡುವೆ ಪಟಾಕಿ ಸಿಡಿಸುವ ಪೈಪಿನ ಕಾರು ತಂದು, ಅಂಜನಾದ್ರಿಯ ಬುಡದಲ್ಲಿ ನಿಂತಲ್ಲೇ ಆಕ್ಸಿಲರೇಟರ್ ಒತ್ತುವವರು ಕಾರುಪ್ರೇಮಿಗಳಲ್ಲ. ಆ ಪಟಾಕಿ ಸದ್ದಿಗಾಗಿ ಅರ್ಧ ಉರಿದ ಪೆಟ್ರೋಲನ್ನು ಬೇಕೆಂದೇ ಪೈಪಿಗೆ ಬಿಡುವ ಟ್ಯೂನ್ ಹಾಕಿಸಿರುತ್ತಾರೆ. ಕನ್ವರ್ಟರ್ ಕೆಟ್ಟು ಕೂತಾಗ ಕಂಪನಿಯನ್ನು ಬೈಯುತ್ತಾರೆ.

ಆದರೂ ಹಾಕಿಸುವುದೇ ಹೌದೆಂದರೆ ಗುಂಯ್‌ಗುಡುವಿಕೆ ತಗ್ಗಿಸುವ ಮಧ್ಯದ ಡಬ್ಬಿ, ಅಂದರೆ ರೆಸೊನೇಟರ್ ಉಳಿಸಿಕೊಳ್ಳಿ, ಹಿಂದಿನ ಡಬ್ಬಿ ಮಾತ್ರ ಬದಲಿಸಿ. ನಾಲ್ಕು ಜನರನ್ನು ಕೂರಿಸಿಕೊಂಡು ಸಾಣಾಪುರದ ಹಂಪುಗಳ ಮೇಲೆ ಒಂದು ಸಲ ಹಾಯಿಸಿ. ಪೈಪು ನೆಲ ಉಜ್ಜಿದರೆ ರಬ್ಬರ್ ಹ್ಯಾಂಗರ್ ಎತ್ತರಿಸಿ ಕಟ್ಟಿಸಿ. ಬಿಚ್ಚಿದ ಕಂಪನಿ ಸೈಲೆನ್ಸರನ್ನು ಗುಜರಿಗೆ ಹಾಕದೆ ಒಣಗಿಸಿ, ಬಾಯಿಗೆ ಬಟ್ಟೆ ತುರುಕಿ ಅಟ್ಟದ ಮೇಲಿಡಿ. ಕಾರು ಮಾರುವ ದಿನ ಕೊಳ್ಳುವವನು ಮೊದಲು ಕೇಳುವುದು ಅದನ್ನೇ.