ತಿರುಗಾಟದ ಬೊಂಬೆಗಳು ಮತ್ತು ಅಣುವಿನ ಬಾಕಿ

ಪೀಟರ್ ಶೂಮನ್ 1963ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ‘ಬ್ರೆಡ್ ಅಂಡ್ ಪಪೆಟ್’ ಮೇಳವು ವಿಯೆಟ್ನಾಂ ಯುದ್ಧವನ್ನೂ ಅಣ್ವಸ್ತ್ರವನ್ನೂ ಅಣುವಿದ್ಯುತ್ತನ್ನೂ ಬೀದಿಯಲ್ಲಿ ನಿಂತು ವಿರೋಧಿಸಿತು. 1970ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ನೆಲೆಸಿದ ಈ ಮೇಳ, ಬಣ್ಣ ಬಳಿದ ಬಸ್ಸಿನಲ್ಲಿ ತಿರುಗಾಟ ಹೊರಟು, ಕಾಗದ ಅಂಟಿಸಿ ಮಾಡಿದ ಆಳೆತ್ತರ ಮೀರಿದ ಬೊಂಬೆಗಳನ್ನು ಆಡಿಸುತ್ತದೆ. ನೆರೆದವರಿಗೆಲ್ಲ ಬೆಳ್ಳುಳ್ಳಿಯ ವ್ಯಂಜನ ಸವರಿದ ರೈ ರೊಟ್ಟಿ ಹಂಚುತ್ತದೆ. ಬೆಳ್ಳುಳ್ಳಿ ನಮಗೆ ವರ್ಜ್ಯ, ಹಂಚುವ ಭಾವ ವರ್ಜ್ಯವಲ್ಲ.

ಆದರೂ ಇಂಥ ಆಟದ ಕೊರತೆಯನ್ನು ಹೇಳಲೇಬೇಕು. ಬಾಂಬಿಗೆ ಒಂದು ಕ್ರೂರ ಮುಖ ತೊಡಿಸಬಹುದು. ವಿದ್ಯುತ್ ಸ್ಥಾವರಕ್ಕೆ ಅಂಥ ಮುಖವಿಲ್ಲ. ಅಲ್ಲಿ ದುಡಿಯುವವರು ನೆರೆಹೊರೆಯವರು. ಅದರ ಬೆಳಕಿನಲ್ಲಿ ಓದಿದ ಮಕ್ಕಳು ಪ್ರೇಕ್ಷಕರಲ್ಲಿಯೇ ಇರುತ್ತಾರೆ. ಮೇಳದ ಹಳೆಯ ಪಾತ್ರ ‘ಅಂಕಲ್ ಫ್ಯಾಟ್ಸೊ’ನಂಥ ದರ್ಪದ ಧಣಿಯನ್ನು ಅಲ್ಲಿಗೆ ತಂದು ನಗಿಸುವುದು ಸುಲಭವೇ ಹೊರತು ನ್ಯಾಯವಲ್ಲ. ನಿಜವಾದ ಪ್ರಶ್ನೆ ಸಾಲದ್ದು. ಅದೇ ರಾಜ್ಯದ ವರ್ಮಾಂಟ್ ಯಾಂಕಿ ಸ್ಥಾವರ 1972ರಿಂದ 2014ರವರೆಗೆ 42 ವರ್ಷ ವಿದ್ಯುತ್ ಕೊಟ್ಟು ನಿಂತಿತು. ಬಳಸಿದ ಇಂಧನದಲ್ಲಿ ಉಳಿಯುವ ಪ್ಲುಟೋನಿಯಂ-239 ಅರ್ಧಕ್ಕಿಳಿಯಲು ಸುಮಾರು 24,000 ವರ್ಷ ಬೇಕು. ಲಾಭ ಒಂದು ತಲೆಮಾರಿನದು, ಬಾಕಿ ಎಣಿಕೆಗೆ ಸಿಗದ ತಲೆಮಾರುಗಳದು. ಈ ದೀರ್ಘಕಾಲವನ್ನು, ಮಾತಿಲ್ಲದೆ ಮಂದಗತಿಯಲ್ಲಿ ಸಾಗುವ ಶೂಮನ್ನರ ಬೊಂಬೆಗಳು ಯಾವ ಘೋಷಣೆಗಿಂತಲೂ ಚೆನ್ನಾಗಿ ಕಾಣಿಸಬಲ್ಲವು. ಧಣಿಯ ಬೊಂಬೆ ಪ್ರವೇಶಿಸಿದೊಡನೆ ಆ ಕಾಲದ ಅರಿವು ನಗೆಯಲ್ಲಿ ಕರಗಿಹೋಗುತ್ತದೆ.